ಮುಂದಿನ ಹಾಡು ಯಾರಿಗೆ ಗೊತ್ತು?

“ಅಜ್ಜಿ ಹಾಡ್ತಾ ಇಲ್ಲ ಮಾರಾಯ” ಅಂತ ಅಪ್ಪ ಸಾಗರದಿಂದ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಯಾವುದೋ ಮೀಟಿಂಗಿನ ನಡುವೆ ಇದ್ದೆ. ಅಜ್ಜಿ ತೀರಿಕೊಂಡು ಹತ್ತು ವರ್ಷ ಆಯ್ತು. ಆದರೂ ಆ ಮಾತು ನನಗೆ ವಿಚಿತ್ರ ಅನಿಸಲಿಲ್ಲ. ಮೀಟಿಂಗಿನಿಂದ ಎದ್ದು ಹೊರಗೆ ಬಂದೆ.

ಹಿನ್ನೆಲೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ದೇವರನಾಮ ಹೇಳುತ್ತಿದ್ದಾಗ, ಅಪ್ಪ ಮನೆಯ ಟೂ-ಇನ್-ಒನ್ ಹತ್ತಿರ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. ಅಂಥ ಕ್ಯಾಸೆಟ್ಟು ಹನ್ನೊಂದು. ಅದರ ಜೊತೆಗೆ ಆಕಾಶವಾಣಿಯಿಂದ ಹಿಡಿದಿಟ್ಟ ಕಛೇರಿಗಳು, ಸುಗಮ ಸಂಗೀತ, ಒಂದೆರಡು ತಾಳಮದ್ದಳೆ, ಎಲ್ಲ ಸೇರಿ ನೂರ ನಲವತ್ತು. 2020ರ ಲಾಕ್‌ಡೌನ್‌ನಲ್ಲಿ ಮನೆಗೆ ಹೋಗಿ ಕೂತಿದ್ದಾಗ ಅಷ್ಟನ್ನೂ ಒಂದೊಂದಾಗಿ ಗಣಕಕ್ಕೆ ಇಳಿಸಿದೆ. ಹಾಲ್‌ನಲ್ಲಿ ಅಪ್ಪನ ಹಳೆಯ ಆಂಪ್ಲಿಫೈಯರ್ ಮತ್ತು ಎರಡು ದೊಡ್ಡ ಸ್ಪೀಕರ್ ಇವೆ. ಅದಕ್ಕೆ ಒಂದು ಪುಟ್ಟ ನೆಟ್‌ವರ್ಕ್ ಪ್ಲೇಯರ್ ತಂದು ಜೋಡಿಸಿದೆ. ಅಪ್ಪ ಫೋನಿನಲ್ಲಿ ಒತ್ತಿದರೆ ಅಜ್ಜಿ ಹಾಲ್‌ನಲ್ಲಿ ಹಾಡುತ್ತಿದ್ದರು.

ಈಗ ಆಗಿದ್ದು ಇಷ್ಟೇ. ಆ ಪೆಟ್ಟಿಗೆ ಮಾಡಿದ ಕಂಪನಿ ತನ್ನ ಆಪ್ ಅನ್ನು ಹೊಸದಾಗಿ ಬರೆಯಿತು. ಫೋನು ಅದನ್ನು ರಾತ್ರೋರಾತ್ರಿ ತಾನೇ ಹಾಕಿಕೊಂಡಿತು. ಹೊಸ ಆಪ್‌ನಲ್ಲಿ ಚಂದಾ ಸೇವೆಗಳೆಲ್ಲ ಇವೆ, ಸ್ವಂತ ಫೈಲುಗಳನ್ನು ನುಡಿಸುವ ದಾರಿ ಮಾತ್ರ ಇಲ್ಲ. ಪೆಟ್ಟಿಗೆ ಕೆಟ್ಟಿಲ್ಲ. ಆಂಪ್ಲಿಫೈಯರ್ ಕೆಟ್ಟಿಲ್ಲ. ಫೈಲುಗಳು ಡಿಸ್ಕಿನಲ್ಲಿ ಹಾಗೇ ಇವೆ. ಅಜ್ಜಿ ಮಾತ್ರ ಹಾಡುತ್ತಿಲ್ಲ.

ಕಂಪನಿಗೆ ಎರಡು ಮೇಲ್ ಬರೆದೆ, “ನಿಮ್ಮ ಸಲಹೆಗೆ ಧನ್ಯವಾದ” ಅಂತ ಉತ್ತರ ಬಂತು. ಸರಿ, ಬೇರೆ ತಂತ್ರಾಂಶ ಹುಡುಕೋಣ ಅಂತ ಕೂತೆ. ಈ ಸಲ ಚೆಂದ ನೋಡಿ ಮರುಳಾಗಬಾರದು, ಈ ಕ್ಷೇತ್ರದಲ್ಲಿ ಯಾವುದು ಎಷ್ಟು ವರ್ಷ ಬದುಕಿದೆ ಅಂತ ನೋಡಿ ಆರಿಸಬೇಕು ಅಂದುಕೊಂಡೆ. ಹಾಗೆ ನೋಡುತ್ತಾ ಹೋದಾಗ ಸಿಕ್ಕಿದ್ದು ಇಪ್ಪತ್ತೈದು ವರ್ಷಗಳ ಒಂದು ಸ್ವಾರಸ್ಯವಾದ ಇತಿಹಾಸ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದುವಾಗ ಒಂದು ಪ್ರಶ್ನೆ ತಲೆಯಲ್ಲಿರಲಿ: ಈಗ ಬರುತ್ತಿರುವ ಹಾಡು ಮುಗಿದ ಮೇಲೆ ಮುಂದಿನ ಹಾಡು ಯಾವುದು ಅನ್ನುವುದು ಯಾರಿಗೆ ಗೊತ್ತಿರುತ್ತದೆ? ಪೆಟ್ಟಿಗೆಗೋ, ಫೋನಿಗೋ, ಮನೆಯ ಗಣಕಕ್ಕೋ, ಅಥವಾ ಎಲ್ಲೋ ದೂರದ ಕಂಪನಿಯ ಸರ್ವರಿಗೋ?

ಸಣ್ಣ ಪ್ರಶ್ನೆ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು.

ರೂಮಿನಲ್ಲಿ ಹಾಡು, ಹಾಲ್‌ನಲ್ಲಿ ಸ್ಪೀಕರ್

ಸಿಡಿ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಸಲ ಅಳತೆ, ಒಂದೊಂದು ಅಳತೆಗೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್, ಅಂದರೆ ನಿಮಿಷಕ್ಕೆ ಹತ್ತು ಎಂಬಿ. ಆಗಿನ ಗಣಕಗಳಲ್ಲಿ ಇಷ್ಟನ್ನು ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಕಿವಿಗೆ ಅಷ್ಟಾಗಿ ಕೇಳಿಸದ ಭಾಗಗಳನ್ನು ಕತ್ತರಿಸಿ ಇದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ವಿಧಾನದ ಮೇಲೆ ಕೆಲಸ ಮಾಡಿದರು. 1995ರ ಜುಲೈಯಲ್ಲಿ ಆ ಫೈಲುಗಳ ಬಾಲಕ್ಕೆ ಎಂಪಿ3 ಅನ್ನುವ ಹೆಸರು ಗೊತ್ತಾಯಿತು. 1997ರಲ್ಲಿ ವಿನ್‌ಆಂಪ್, 1999ರಲ್ಲಿ ನ್ಯಾಪ್‌ಸ್ಟರ್. ಮುಂದಿನದು ನಿಮಗೆಲ್ಲ ಗೊತ್ತೇ ಇದೆ.

ಹೀಗೆ 2000ದ ಹೊತ್ತಿಗೆ ಬಹಳ ಮನೆಗಳಲ್ಲಿ ಒಂದು ತಮಾಷೆಯ ಪರಿಸ್ಥಿತಿ. ಸಾವಿರಾರು ಹಾಡು ರೂಮಿನ ಗಣಕದಲ್ಲಿ, ಒಳ್ಳೆಯ ಸ್ಪೀಕರ್‌ಗಳು ಹಾಲ್‌ನಲ್ಲಿ. ನಡುವೆ ಒಂದು ಗೋಡೆ. ಗಣಕವನ್ನೇ ಹಾಲ್‌ಗೆ ತಂದರೆ ಅದರ ಫ್ಯಾನಿನ ಸದ್ದು.

ಈ ಗೋಡೆಗೆ ಕನ್ನ ಕೊರೆದವರಲ್ಲಿ ಮೊದಲಿಗರು ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ ಅನ್ನುವ ಪುಟ್ಟ ಕಂಪನಿಯವರು. ಶಾನ್ ಆಡಮ್ಸ್ ಅನ್ನುವವರು 2000ದಲ್ಲಿ ಶುರು ಮಾಡಿದ್ದು. 2001ರಲ್ಲಿ ಅವರು ತಂದ ಪೆಟ್ಟಿಗೆಯ ಹೆಸರು ಸ್ಲಿಂಪಿ3. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಪಲ್ ಐಪಾಡ್ ತಂದಿತು. ಎರಡರ ಯೋಚನೆಯೂ ತದ್ವಿರುದ್ಧ. ಐಪಾಡ್ ಸಾವಿರ ಹಾಡನ್ನು ತನ್ನ ಹೊಟ್ಟೆಯಲ್ಲೇ ಹೊತ್ತುಕೊಂಡು ತಿರುಗುತ್ತಿತ್ತು. ಸ್ಲಿಂಪಿ3ಯ ಹೊಟ್ಟೆಯಲ್ಲಿ ಒಂದು ಹಾಡೂ ಇರಲಿಲ್ಲ.

ಹಾಡಷ್ಟೇ ಅಲ್ಲ, ಬುದ್ಧಿಯೂ ಇರಲಿಲ್ಲ! ಅದಕ್ಕೆ ಈಥರ್ನೆಟ್ ವೈರು, ಎಂಪಿ3 ಬಿಡಿಸುವ ಒಂದು ಚಿಪ್, ಹಸಿರು ಬೆಳಕಿನ ಎರಡು ಸಾಲಿನ ಪರದೆ, ಒಂದು ರಿಮೋಟ್. ನೀವು ರಿಮೋಟಿನಲ್ಲಿ ‘ಮುಂದೆ’ ಅಂತ ಒತ್ತಿದರೆ ಪೆಟ್ಟಿಗೆಗೆ ಅದರ ಅರ್ಥ ಗೊತ್ತಿಲ್ಲ. ‘ಇಂಥ ಗುಂಡಿ ಒತ್ತಿದರು’ ಅಂತ ರೂಮಿನ ಗಣಕಕ್ಕೆ ಸುದ್ದಿ ಕಳಿಸುತ್ತದೆ, ಅಷ್ಟೇ. ಮುಂದಿನ ಹಾಡು ಯಾವುದು, ಪರದೆಯಲ್ಲಿ ಯಾವ ಅಕ್ಷರ ಮೂಡಬೇಕು, ದನಿ ಎಷ್ಟು ಏರಬೇಕು, ಎಲ್ಲ ನಿರ್ಧಾರವೂ ಗಣಕದಲ್ಲಿ ಓಡುತ್ತಿದ್ದ ಸ್ಲಿಮ್‌ಸರ್ವರ್ ಅನ್ನುವ ತಂತ್ರಾಂಶದ್ದು. ಯಕ್ಷಗಾನದಲ್ಲಿ ಭಾಗವತರಿದ್ದ ಹಾಗೆ ಅನ್ನಬಹುದು. ಕುಣಿಯುವುದು ವೇಷ, ಮುಂದಿನ ಪದ ಯಾವುದು ಅಂತ ಗೊತ್ತಿರುವುದು ಭಾಗವತರಿಗೆ.

ಆ ಸರ್ವರ್ ಪರ್ಲ್ ಭಾಷೆಯಲ್ಲಿತ್ತು, ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶವಾಗಿತ್ತು. ಪೆಟ್ಟಿಗೆ ಮಾರಿ ದುಡ್ಡು ಮಾಡುವುದು, ತಂತ್ರಾಂಶವನ್ನು ಸುಮ್ಮನೆ ಕೊಡುವುದು ಕಂಪನಿಯ ಲೆಕ್ಕ. ಇದರ ಪರಿಣಾಮ ದೊಡ್ಡದಾಯಿತು. ಬುದ್ಧಿ ಎಲ್ಲ ಸರ್ವರಿನಲ್ಲೇ ಇದ್ದುದರಿಂದ ಸರ್ವರ್ ಬದಲಾಯಿಸಿದರೆ ಹಳೆಯ ಪೆಟ್ಟಿಗೆಗೂ ಹೊಸ ವಿದ್ಯೆ ಬರುತ್ತಿತ್ತು. ಬಳಸುವವರೇ ಕೋಡ್ ಬರೆಯತೊಡಗಿದರು. ಅಂತರ್ಜಾಲ ರೇಡಿಯೋ ಬಂತು, ಬೆಳಗಿನ ಅಲಾರಂ ಬಂತು, ಸುದ್ದಿ ಸಾಲುಗಳು ಪರದೆಯಲ್ಲಿ ಓಡಿದವು. ಯಾರೋ ಪುಣ್ಯಾತ್ಮರು ರಿಮೋಟಿನಲ್ಲಿ ಆಡುವ ಟೆಟ್ರಿಸ್ ಕೂಡ ಬರೆದರು :-)

2003ರಲ್ಲಿ ವೈರ್‌ಲೆಸ್ ಇರುವ ಸ್ಕ್ವೀಜ್‌ಬಾಕ್ಸ್ ಬಂತು. 2005ರ ಸ್ಕ್ವೀಜ್‌ಬಾಕ್ಸ್2, ಫ್ಲ್ಯಾಕ್ ಫೈಲುಗಳನ್ನು ತಾನೇ ಬಿಡಿಸುತ್ತಿತ್ತು. ಫ್ಲ್ಯಾಕ್ ಅಂದರೆ ಏನನ್ನೂ ಕತ್ತರಿಸದೆ, ಜಿಪ್ ಫೈಲಿನ ಹಾಗೆ ಮಡಚಿ ಮಾತ್ರ ಇಡುವ ರೂಪ. 2001ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂದಿತ್ತು. ಹೈ-ಫೈ ಜನ ಎಂಪಿ3 ಕಂಡರೆ ಮೂಗು ಮುರಿಯುತ್ತಿದ್ದ ಕಾಲ ಅದು. ಸಿಡಿಯಲ್ಲಿರುವುದನ್ನೇ ಒಂದು ಬಿಟ್ಟೂ ಬಿಡದೆ ನೆಟ್‌ವರ್ಕಿನ ಮೇಲೆ ತರಬಹುದು ಅಂದಾಗ ಅವರೂ ತಿರುಗಿ ನೋಡಿದರು.

ಇದೇ ಯೋಚನೆ ಇನ್ನೊಂದು ಕಡೆ

2003ರ ಸುಮಾರಿಗೇ ಲಿನಕ್ಸ್ ಜನರ ನಡುವೆ ಎಂಪಿಡಿ ಹುಟ್ಟಿತು. ಪೂರ್ತಿ ಹೆಸರು ಮ್ಯೂಸಿಕ್ ಪ್ಲೇಯರ್ ಡೀಮನ್. ಡೀಮನ್ ಅಂದರೆ ಇಲ್ಲಿ ದೆವ್ವ ಅಲ್ಲ, ತೆರೆಮರೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ. ಇದಕ್ಕೆ ಪರದೆಯೇ ಇಲ್ಲ. 6600ನೇ ಪೋರ್ಟಿಗೆ ಹೋಗಿ ಸಾದಾ ಅಕ್ಷರದಲ್ಲಿ ‘ಪ್ಲೇ’ ಅಂತ ಕಳಿಸಿದರೆ ನುಡಿಸುತ್ತದೆ, ‘ನೆಕ್ಸ್ಟ್’ ಅಂದರೆ ಮುಂದಕ್ಕೆ ಹೋಗುತ್ತದೆ. ಯಾರು ಬೇಕಾದರೂ ಇದಕ್ಕೆ ಮುಖವಾಡ ಬರೆಯಬಹುದು, ಬರೆದರು ಕೂಡ. ಪಟ್ಟಿ ಇರುವುದು ಡೀಮನ್ ಹತ್ತಿರ. ಮುಖವಾಡ ಮುಚ್ಚಿದರೂ, ಫೋನ್ ಸ್ವಿಚ್ ಆಫ್ ಆದರೂ ಹಾಡು ನಿಲ್ಲುವುದಿಲ್ಲ. ಇವತ್ತಿಗೂ ಎಂಪಿಡಿ ಬದುಕಿದೆ. ರಾಸ್ಪ್‌ಬೆರಿ ಪೈ ಮೇಲೆ ಹಾಕಿಕೊಳ್ಳುವ ವಾಲ್ಯೂಮಿಯೋ, ಮೂಡ್ ಮುಂತಾದ ಸಂಗೀತ ವ್ಯವಸ್ಥೆಗಳ ಒಳಗೆ ಇಣುಕಿದರೆ ಅಲ್ಲಿ ಹಾಡು ನುಡಿಸುತ್ತಿರುವುದು ಇದೇ.

ದೊಡ್ಡವರು ಸಭೆ ಸೇರಿದರು

ಚಿಕ್ಕವರು ಹೀಗೆ ಮಾಡುತ್ತಿದ್ದಾಗ ದೊಡ್ಡ ಕಂಪನಿಗಳು ಸುಮ್ಮನಿರುತ್ತವೆಯೇ? ಎಲ್ಲರ ಪೆಟ್ಟಿಗೆಯೂ ಎಲ್ಲರ ಜೊತೆ ಮಾತಾಡಲಿ ಅಂತ ಯುಪಿಎನ್‌ಪಿ ಅನ್ನುವ ಒಪ್ಪಂದ ಮಾಡಿಕೊಂಡರು. ಅದರ ಸಂಗೀತ-ವಿಡಿಯೋ ಭಾಗ ಬಂದದ್ದು 2002ರಲ್ಲಿ. 2003ರಲ್ಲಿ ಸೋನಿ, ಇಂಟೆಲ್, ಮೈಕ್ರೋಸಾಫ್ಟ್ ಮುಂತಾದವರು ಸೇರಿ ಕಟ್ಟಿಕೊಂಡ ಕೂಟವೇ ಮುಂದೆ ಡಿಎಲ್‌ಎನ್‌ಎ ಆಯಿತು. ಆ ಮುದ್ರೆಯನ್ನು ನಿಮ್ಮ ಹಳೆಯ ಟಿವಿಯ ಡಬ್ಬದ ಮೇಲೆ ನೋಡಿರುತ್ತೀರಿ.

ಇದರಲ್ಲಿ ಮೂರು ಪಾತ್ರ. ಹಾಡು ಇಟ್ಟುಕೊಂಡವನು ಸರ್ವರ್. ನುಡಿಸುವವನು ರೆಂಡರರ್. ಆಜ್ಞೆ ಕೊಡುವವನು ಕಂಟ್ರೋಲ್ ಪಾಯಿಂಟ್, ಅಂದರೆ ಈಗಿನ ಲೆಕ್ಕದಲ್ಲಿ ನಿಮ್ಮ ಫೋನು. ಕಾಗದದ ಮೇಲೆ ಬಹಳ ಚೆಂದ. ಆದರೆ ನಮ್ಮ ಪ್ರಶ್ನೆ ಕೇಳಿ ನೋಡಿ: ಮುಂದಿನ ಹಾಡು ಯಾರಿಗೆ ಗೊತ್ತು? ಮೂಲ ಯುಪಿಎನ್‌ಪಿಯಲ್ಲಿ ರೆಂಡರರ್‌ಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಹಾಡಿನ ವಿಳಾಸ ಕೊಡುವುದು. ಅದು ಮುಗಿದ ಮೇಲೆ ಇನ್ನೊಂದರ ವಿಳಾಸ. ಪಟ್ಟಿ ಇರುವುದು ಫೋನಿನಲ್ಲಿ. ಫೋನ್ ನಿದ್ದೆ ಹೋದರೆ, ಬ್ಯಾಟರಿ ಮುಗಿದರೆ, ಅದನ್ನು ಜೇಬಿಗೆ ಹಾಕಿಕೊಂಡು ನೀವು ಹಾಲು ತರಲು ಹೋದರೆ, ಇದ್ದ ಹಾಡು ಮುಗಿದು ಮನೆ ನಿಶ್ಶಬ್ದ. ಎರಡು ಟ್ರ್ಯಾಕಿನ ನಡುವೆ ಅರೆಕ್ಷಣ ಬಿಡುವು ಬೇರೆ. ಸಿನಿಮಾ ಹಾಡಿಗೆ ತೊಂದರೆ ಇಲ್ಲ. ಕಛೇರಿಯ ರೆಕಾರ್ಡಿಂಗ್‌ನಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಟ್ರ್ಯಾಕ್ ಆಗಿದ್ದರೆ, ತಂಬೂರಿಯ ಶ್ರುತಿ ನಡುವೆ ಕತ್ತರಿಸಿ ಬಿದ್ದ ಹಾಗೆ ಕೇಳುತ್ತದೆ. ‘ಮುಂದಿನ ಹಾಡಿನ ವಿಳಾಸವನ್ನೂ ಮೊದಲೇ ಕೊಡಬಹುದು’ ಅನ್ನುವ ಸೌಲಭ್ಯವೇನೋ ಇತ್ತು. ಆದರೆ ಅದು ಕಡ್ಡಾಯ ಅಲ್ಲ, ಹಾಗಾಗಿ ಕೆಲವು ಪೆಟ್ಟಿಗೆ ಕೇಳಿದವು, ಕೆಲವು ಕೇಳಲಿಲ್ಲ.

ಈ ತಪ್ಪನ್ನು ಸರಿಯಾಗಿ ಗುರುತಿಸಿದವರು ಸ್ಕಾಟ್‌ಲೆಂಡಿನ ಲಿನ್ ಕಂಪನಿಯವರು. ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರಕ್ಕೆ ಹೆಸರಾದ ಇವರು 2007ರಲ್ಲಿ ಕ್ಲೈಮ್ಯಾಕ್ಸ್ ಡಿಎಸ್ ಅನ್ನುವ ನೆಟ್‌ವರ್ಕ್ ಪ್ಲೇಯರ್ ತಂದರು, 2009ರಲ್ಲಿ ಇನ್ನು ಮೇಲೆ ಸಿಡಿ ಪ್ಲೇಯರ್ ಮಾಡುವುದಿಲ್ಲ ಅಂತ ಘೋಷಿಸಿದರು. ಅವರು ಯುಪಿಎನ್‌ಪಿಗೆ ಮಾಡಿದ ತಿದ್ದುಪಡಿಯ ತಿರುಳು ಒಂದೇ. ಪಟ್ಟಿಯನ್ನು ಫೋನಿನಿಂದ ತೆಗೆದು ಪ್ಲೇಯರ್ ಒಳಗೆ ಇಡುವುದು. ಓಪನ್‌ಹೋಮ್ ಅನ್ನುವ ಹೆಸರಿನಲ್ಲಿ ಅದನ್ನು ಬೇರೆಯವರಿಗೂ ತೆರೆದಿಟ್ಟರು. ಡಿಎಲ್‌ಎನ್‌ಎ ಕೂಟ 2017ರಲ್ಲಿ ಬಾಗಿಲು ಹಾಕಿತು.

ಸುಲಭ ಮಾಡಿದವರು

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮಂಥ ತಲೆಹರಟೆ ಜನಕ್ಕೆ. ಸಾಮಾನ್ಯರಿಗೆ ಗಣಕ ಸದಾ ಓಡುತ್ತಿರಬೇಕು ಅನ್ನುವುದೇ ಕಿರಿಕಿರಿ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2002ರಲ್ಲಿ ಶುರುವಾದ ಸೋನೋಸ್ ಇದನ್ನು ಬಗೆಹರಿಸಿತು. 2005ರ ಆರಂಭದಲ್ಲಿ ಬಂದ ಅವರ ಪೆಟ್ಟಿಗೆಗಳು ತಮ್ಮ ನಡುವೆ ತಾವೇ ಒಂದು ವೈರ್‌ಲೆಸ್ ಬಲೆ ಹೆಣೆದುಕೊಳ್ಳುತ್ತಿದ್ದವು. ಹಾಡಿನ ಸೂಚಿ, ಪಟ್ಟಿ ಎರಡೂ ಪೆಟ್ಟಿಗೆಗಳಲ್ಲೇ. ಆ ಪುಟ್ಟ ನೆನಪಿನಲ್ಲಿ 65,000 ಹಾಡಿನ ಸೂಚಿಗೆ ಜಾಗ, ಅದಕ್ಕಿಂತ ಹೆಚ್ಚಿಲ್ಲ. ಜೊತೆಗೆ ಬಣ್ಣದ ಪರದೆ, ತಿರುಗಿಸುವ ಚಕ್ರ ಇರುವ ಸಿಆರ್100 ಅನ್ನುವ ಕೈ ರಿಮೋಟ್, ಬೆಲೆ 399 ಡಾಲರ್. ಅಡುಗೆಮನೆಯಲ್ಲಿ ಒಂದು ಹಾಡು, ಮಹಡಿಯಲ್ಲಿ ಇನ್ನೊಂದು, ಬೇಕಾದರೆ ಇಡೀ ಮನೆಗೆ ಒಂದೇ ಹಾಡು. ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್.

ಆಮೇಲೆ 2007ರಲ್ಲಿ ಐಫೋನ್, 2008ರಲ್ಲಿ ಆಪ್ ಸ್ಟೋರ್. ಅದೇ ವರ್ಷ ಸೋನೋಸ್ ತನ್ನ ಆಪ್ ಅನ್ನು ಪುಕ್ಕಟೆ ಕೊಟ್ಟಿತು. 399 ಡಾಲರ್ ರಿಮೋಟಿನ ಕೆಲಸ ಜೇಬಿನಲ್ಲಿರುವ ಫೋನೇ ಮಾಡಿದರೆ ರಿಮೋಟ್ ಯಾರಿಗೆ ಬೇಕು? ಎಲ್ಲರಿಗೂ ಖುಷಿಯಾಯಿತು. ಆದರೆ ಆ ದಿನ ಇನ್ನೊಂದು ಬದಲಾವಣೆಯೂ ಆಯಿತು ಅಂತ ನನಗೆ ಅನಿಸುತ್ತದೆ. ಅಲ್ಲಿಯವರೆಗೆ ರಿಮೋಟ್ ಅನ್ನುವುದು ನೀವು ಕೊಂಡು ತಂದ ವಸ್ತು. ಅಂದಿನಿಂದ ಅದು ಕಂಪನಿ ಯಾವಾಗ ಬೇಕಾದರೂ ಬದಲಾಯಿಸಬಹುದಾದ ಒಂದು ಕಡತ.

ಇದರ ಬಿಲ್ಲು ಬರಲು ಹತ್ತು ವರ್ಷ ಹಿಡಿಯಿತು. 2018ರಲ್ಲಿ ಸಿಆರ್100ಕ್ಕೆ ಬೆಂಬಲ ನಿಂತಿತು. 2020ರ ಜನವರಿಯಲ್ಲಿ, ಹಳೆಯ ಪೆಟ್ಟಿಗೆಗಳಿಗೆ ಇನ್ನು ಹೊಸ ಆವೃತ್ತಿ ಕೊಡುವುದಿಲ್ಲ ಅಂದರು. ಗಲಾಟೆಯಾಗಿ ಸಿಇಒ ಕ್ಷಮೆ ಕೇಳಿದರು, ಹಳೆಯದಕ್ಕೊಂದು ಹೊಸದಕ್ಕೊಂದು ಅಂತ ಆಪ್ ಎರಡಾಯಿತು. 2024ರ ಮೇ ತಿಂಗಳಲ್ಲಿ ಇಡೀ ಆಪ್ ಹೊಸದಾಗಿ ಬಂದಾಗ ಅಲಾರಂ, ಸ್ಲೀಪ್ ಟೈಮರ್, ಸ್ವಂತ ಸಂಗ್ರಹದಲ್ಲಿ ಹುಡುಕುವುದು, ಇಂಥ ದಿನಬಳಕೆಯ ಸೌಲಭ್ಯಗಳೇ ಇರಲಿಲ್ಲ. ಜುಲೈಯಲ್ಲಿ ಮತ್ತೆ ಕ್ಷಮೆ. 2025ರ ಜನವರಿಯಲ್ಲಿ ಸಿಇಒ ಪ್ಯಾಟ್ರಿಕ್ ಸ್ಪೆನ್ಸ್ ಕೆಳಗಿಳಿದರು. ಸ್ಪೀಕರ್‌ಗಳು ಚೆನ್ನಾಗಿಯೇ ಇದ್ದವು. ಒಂದು ಆಪ್‌ನಿಂದ ಕಂಪನಿಯ ಮುಖ್ಯಸ್ಥರ ಕುರ್ಚಿ ಹೋಯಿತು ನೋಡಿ.

ಎಸೆಯುವವರು

ಇನ್ನೊಂದು ದಾರಿ ಆಪಲ್‌ನದ್ದು. 2004ರಲ್ಲಿ ಗೋಡೆಯ ಪ್ಲಗ್ಗಿಗೆ ಚುಚ್ಚುವ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಜೊತೆ ಏರ್‌ಟ್ಯೂನ್ಸ್ ತಂದರು, 2010ರಲ್ಲಿ ಅದೇ ಏರ್‌ಪ್ಲೇ ಆಯಿತು. ಇಲ್ಲಿ ಹಾಡನ್ನು ಬಿಡಿಸಿ, ಮತ್ತೆ ಕಟ್ಟಿ, ಆಚೆ ಎಸೆಯುವ ಕೆಲಸ ಎಲ್ಲ ಗಣಕ ಅಥವಾ ಫೋನಿನದ್ದೇ. ಮುಂದಿನ ಹಾಡು ಗೊತ್ತಿರುವುದು ಅದಕ್ಕೇ. ಅದಕ್ಕೆ ಬೀಗವೂ ಇತ್ತು. 2011ರಲ್ಲಿ ಒಬ್ಬ ಹವ್ಯಾಸಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಒಳಗಿನ ಗುಟ್ಟಿನ ಕೀಲಿ ಹೊರತೆಗೆದು ಶೇರ್‌ಪೋರ್ಟ್ ಅನ್ನುವ ಮುಕ್ತ ತಂತ್ರಾಂಶ ಬರೆದ. ಅದರ ಸಂತತಿ ಇವತ್ತಿಗೂ ಸಾವಿರಾರು ಪುಟ್ಟ ಗಣಕಗಳಲ್ಲಿ ಓಡುತ್ತಿದೆ.

2013ರಲ್ಲಿ ಗೂಗಲ್ ಕ್ರೋಮ್‌ಕಾಸ್ಟ್ ತಂದಿತು, 2015ರಲ್ಲಿ ಹೈ-ಫೈಗೆಂದೇ ಕ್ರೋಮ್‌ಕಾಸ್ಟ್ ಆಡಿಯೋ. ಇದರಲ್ಲಿ ಫೋನು ಬರೀ ವಿಳಾಸ ಹೇಳುತ್ತದೆ, ಪೆಟ್ಟಿಗೆ ತಾನೇ ಅಂತರ್ಜಾಲದಿಂದ ಹಾಡು ತರಿಸಿಕೊಳ್ಳುತ್ತದೆ. ಅಗ್ಗದ ಪೆಟ್ಟಿಗೆ, ಒಳ್ಳೆಯ ಧ್ವನಿ. 2019ರಲ್ಲಿ ತಯಾರಿಕೆ ನಿಲ್ಲಿಸಿದ ಸುದ್ದಿ ಬಂತು. ಆದರೂ ಮನೆಗಳಲ್ಲಿ ಇದ್ದವು ನುಡಿಯುತ್ತಿದ್ದವು. 2025ರ ಮಾರ್ಚಿನಲ್ಲಿ ಒಂದು ದಿನ ಜಗತ್ತಿನೆಲ್ಲೆಡೆ ಅವು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಕಾರಣ ಏನು ಗೊತ್ತಾ? ಈ ಪೆಟ್ಟಿಗೆ ಅಸಲಿಯೇ ಅಂತ ಖಾತ್ರಿ ಮಾಡುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಅವತ್ತಿಗೆ ಮುಗಿದಿತ್ತು. ಗೂಗಲ್ ಕೆಲವು ದಿನಗಳಲ್ಲಿ ಸರಿ ಮಾಡಿತು, ಒಪ್ಪಿಕೊಳ್ಳೋಣ. ಆದರೆ ಯೋಚಿಸಿ. ನಿಮ್ಮ ಮನೆಯ ವೈಫೈ, ನಿಮ್ಮ ಮನೆಯ ಫೋನು, ನಿಮ್ಮ ಮನೆಯ ಪೆಟ್ಟಿಗೆ. ಎಲ್ಲವೂ ಸರಿ ಇದ್ದು, ಎಲ್ಲೋ ಬರೆದಿಟ್ಟ ಒಂದು ತಾರೀಖು ಕಳೆದದ್ದಕ್ಕೆ ಹಾಡು ನಿಂತಿತು.

ಗ್ರಂಥಪಾಲಕನಂಥವನು

ರೂನ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಇದರ ಬೇರು ಸೂಲೂಸ್ ಅನ್ನುವ ದುಬಾರಿ ಸಂಗೀತ ವ್ಯವಸ್ಥೆಯಲ್ಲಿದೆ. ಅದನ್ನು 2008ರಲ್ಲಿ ಬ್ರಿಟನ್ನಿನ ಮೆರಿಡಿಯನ್ ಕಂಪನಿ ಕೊಂಡಿತು. ಅದೇ ತಂಡ ಹೊರಬಂದು 2015ರಲ್ಲಿ ರೂನ್ ತಂದಿತು. ಹಾಡಿನಿಂದ ಗಾಯಕನಿಗೆ, ಗಾಯಕನಿಂದ ಪಕ್ಕವಾದ್ಯದವನಿಗೆ, ಅವನಿಂದ ಅವನು ನುಡಿಸಿದ ಬೇರೆ ರೆಕಾರ್ಡಿಗೆ ಹೀಗೆ ಅಲೆದಾಡುವ ಸುಖ ಇದರಲ್ಲಿರುವಷ್ಟು ಬೇರೆಲ್ಲೂ ನಾನು ಕಂಡಿಲ್ಲ. ಹದಿನೈದು ದಿನ ಪರೀಕ್ಷಿಸಿ ನೋಡಿದೆ, ಮನಸ್ಸು ಸೋತಿತು.

ಆದರೆ ಎರಡು ಕಡೆ ಎಡವಿದೆ. ಒಂದು, ಈ ಅಲೆದಾಟಕ್ಕೆ ಬೇಕಾದ ಮಾಹಿತಿ ಬರುವುದು ಅಂತರ್ಜಾಲದಿಂದ. ಅಪ್ಪ ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಮಾಡಿದ ಅಜ್ಜಿಯ ಬಗ್ಗೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಎರಡು, 2022ರ ಸೆಪ್ಟೆಂಬರಿನಲ್ಲಿ ರೂನ್ 2.0 ಬಂದಾಗ ಅದು ಸದಾ ಅಂತರ್ಜಾಲ ಸಂಪರ್ಕ ಬೇಡುತ್ತಿತ್ತು. ಬೇಡ ಅಂದವರಿಗಾಗಿ ಹಳೆಯ 1.8 ಅನ್ನು ‘ಲೆಗಸಿ’ ಅನ್ನುವ ಹೆಸರಿನಲ್ಲಿ ಬೇರೆ ಇಟ್ಟರು. ಮಳೆಗಾಲದಲ್ಲಿ ನಮ್ಮೂರಿನ ಇಂಟರ್ನೆಟ್ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ರೂನ್ ಅನ್ನು ಸ್ಯಾಮ್‌ಸಂಗ್ ಒಡೆತನದ ಹರ್ಮನ್ ಕೊಂಡಿತು. ಮುಂದೆ ಒಳ್ಳೆಯದೇ ಆಗಬಹುದು. ಆದರೆ ಆ ನಿರ್ಧಾರ ಅವರದ್ದು, ನನ್ನದಲ್ಲ.

ಸತ್ತು ಬದುಕಿದ್ದು

ಈಗ ಮೊದಲಿನ ಸ್ಲಿಮ್ ಡಿವೈಸಸ್‌ಗೆ ಮರಳೋಣ. 2006ರ ಅಕ್ಟೋಬರಿನಲ್ಲಿ ಮೌಸ್, ಕೀಬೋರ್ಡ್ ಮಾಡುವ ಲಾಜಿಟೆಕ್ ಕಂಪನಿ ಅದನ್ನು 2 ಕೋಟಿ ಡಾಲರ್‌ಗೆ ಕೊಂಡಿತು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು, ಹೊಸ ಹೊಸ ಪೆಟ್ಟಿಗೆಗಳು ಬಂದವು. ಸರ್ವರಿನ ಹೆಸರು ಮಾತ್ರ ಎರಡು ವರ್ಷಕ್ಕೊಮ್ಮೆ ಬದಲು: ಸ್ಲಿಮ್‌ಸರ್ವರ್, ಸ್ಕ್ವೀಜ್‌ಸೆಂಟರ್, ಸ್ಕ್ವೀಜ್‌ಬಾಕ್ಸ್ ಸರ್ವರ್, ಕೊನೆಗೆ ಲಾಜಿಟೆಕ್ ಮೀಡಿಯಾ ಸರ್ವರ್. 2012ರಲ್ಲಿ ಲಾಜಿಟೆಕ್ ಸ್ಕ್ವೀಜ್‌ಬಾಕ್ಸ್ ಸಾಲನ್ನೇ ನಿಲ್ಲಿಸಿತು.

ಬೇರೆ ಕಂಪನಿಯ ಕಥೆಯಾಗಿದ್ದರೆ ಇಲ್ಲಿಗೆ ಶುಭಂ. ಆದರೆ ಈ ಕಥೆಯಲ್ಲಿ ಬುದ್ಧಿ ಎಲ್ಲಿತ್ತು ನೆನಪಿದೆಯೇ? ಸರ್ವರಿನಲ್ಲಿ. ಸರ್ವರಿನ ಮೂಲ ಕೋಡ್ ಎಲ್ಲರ ಕೈಯಲ್ಲಿತ್ತು. ಪೆಟ್ಟಿಗೆಗೆ ಗೊತ್ತಿದ್ದದ್ದು ಇಷ್ಟೇ ಇಷ್ಟು, ಹಾಗಾಗಿ ಪೆಟ್ಟಿಗೆಯ ಪಾತ್ರವನ್ನು ಇನ್ನೊಂದು ಪ್ರೋಗ್ರಾಂ ವಹಿಸುವುದು ಕಷ್ಟವಿರಲಿಲ್ಲ. ಹವ್ಯಾಸಿಗಳು ಸ್ಕ್ವೀಜ್‌ಲೈಟ್ ಬರೆದರು. 2012ರಲ್ಲೇ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಅಗ್ಗದ ಗಣಕ ಬಂದದ್ದು ಕಾಕತಾಳೀಯ. ಸ್ಕ್ವೀಜ್‌ಲೈಟ್ ಹಾಕಿಕೊಂಡ ಪೈ, ಸರ್ವರಿನ ಕಣ್ಣಿಗೆ ಇನ್ನೊಂದು ಸ್ಕ್ವೀಜ್‌ಬಾಕ್ಸ್ ಅಷ್ಟೇ. ಪೆಟ್ಟಿಗೆ ಮಾರುವುದು ನಿಂತರೂ ಪೆಟ್ಟಿಗೆಗಳು ಹುಟ್ಟುತ್ತಲೇ ಹೋದವು!

2024ರ ಆರಂಭದಲ್ಲಿ ಲಾಜಿಟೆಕ್ ಕೊನೆಯ ಕೊಂಡಿಯನ್ನೂ ಕಳಚಿತು. ಅಂತರ್ಜಾಲ ರೇಡಿಯೋ, ಚಂದಾ ಸೇವೆಗಳಿಗೆ ದಾರಿಯಾಗಿದ್ದ ತನ್ನ ಮೈಸ್ಕ್ವೀಜ್‌ಬಾಕ್ಸ್ ತಾಣವನ್ನು ಮುಚ್ಚಿತು. ಅಭಿಮಾನಿಗಳು ಆ ಕೆಲಸಗಳನ್ನು ಸರ್ವರ್ ಒಳಕ್ಕೇ ತಂದುಕೊಂಡರು. ಅದೇ ವರ್ಷ ತಂತ್ರಾಂಶಕ್ಕೆ ಐದನೇ ಸಲ ನಾಮಕರಣ ಆಯಿತು: ಲಿರಿಯನ್ ಮ್ಯೂಸಿಕ್ ಸರ್ವರ್. ಎಲ್‌ಎಂಎಸ್ ಅನ್ನುವ ಮೊದಲಕ್ಷರಗಳು ಹಾಗೇ ಉಳಿದವು. 2003ರ ಸ್ಕ್ವೀಜ್‌ಬಾಕ್ಸ್ ಇಟ್ಟುಕೊಂಡವರಿಗೆ ಇವತ್ತಿನ ಸರ್ವರ್ ಹಾಡು ಕಳಿಸುತ್ತದೆ. ಹಾಡಷ್ಟೇ ಅಲ್ಲ, ಅದರ ಪರದೆಯ ಮೇಲಿನ ಅಕ್ಷರಗಳನ್ನೂ.

ಹುಟ್ಟಿಸಿದ ಕಂಪನಿ ಮಾರಾಟವಾಯಿತು, ಕೊಂಡ ಕಂಪನಿ ಕೈಬಿಟ್ಟಿತು, ತಾಣ ಮುಚ್ಚಿತು, ಹೆಸರು ಐದಾಯಿತು. ಹಾಡು ನಿಲ್ಲಲಿಲ್ಲ. ಅದೇ ಹೊತ್ತಿನಲ್ಲಿ ಜೀವಂತ ಕಂಪನಿಗಳ ಮನೆಗಳಲ್ಲಿ ಹಾಡು ನಿಂತಿತು. ನನ್ನ ಲೆಕ್ಕದಲ್ಲಿ ಇಡೀ ಇತಿಹಾಸದ ಪಾಠ ಇಷ್ಟೇ.

ಕೊನೆಗೆ ಏನು ಮಾಡಿದೆ?

ನನ್ನ ಹಳೆಯ ಲ್ಯಾಪ್‌ಟಾಪನ್ನು ಸಾಗರಕ್ಕೆ ಒಯ್ದು ಅದರಲ್ಲಿ ಲಿರಿಯನ್ ಹಾಕಿದೆ. ಆಂಪ್ಲಿಫೈಯರ್ ಹಿಂದೆ ಒಂದು ರಾಸ್ಪ್‌ಬೆರಿ ಪೈ, ಅದರ ಮೇಲೆ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಒಂದು ಬೋರ್ಡು. ಹಳೆಯ ಟ್ಯಾಬ್ಲೆಟ್ ಒಂದರಲ್ಲಿ ಸರ್ವರಿನ ವೆಬ್ ಪುಟ ತೆರೆದು ಟೀಪಾಯಿಯ ಮೇಲಿಟ್ಟೆ. ಆಪ್ ಇಲ್ಲ, ಹಾಗಾಗಿ ರಾತ್ರೋರಾತ್ರಿ ಬದಲಾಗುವುದೂ ಇಲ್ಲ.

ಇದಕ್ಕೂ ಬೆಲೆ ಇದೆ, ಮುಚ್ಚಿಡುವುದಿಲ್ಲ. ಲಿರಿಯನ್‌ನ ಸೆಟ್ಟಿಂಗ್ಸ್ ಪುಟಗಳನ್ನು ನೋಡಿದರೆ ಇಪ್ಪತ್ತು ವರ್ಷದ ಹಳೆಯ ಅಟ್ಟ ಹತ್ತಿದ ಹಾಗಾಗುತ್ತದೆ. ಮೊದಲ ತಿಂಗಳಲ್ಲೇ ಕರೆಂಟ್ ಹೋಗಿ ಬಂದು ಪೈನ ಮೆಮರಿ ಕಾರ್ಡ್ ಕೆಟ್ಟಿತು, ಇನ್ನೊಂದು ಕಾರ್ಡ್ ಸಿದ್ಧ ಮಾಡಿ ಕೊರಿಯರ್ ಮಾಡಿದೆ. ಕಂಪನಿಯ ಕಸ್ಟಮರ್ ಕೇರ್ ಬೈಯುತ್ತಿದ್ದ ನಾನೇ ಈಗ ಕಸ್ಟಮರ್ ಕೇರ್. ಅಪ್ಪ ನನ್ನಷ್ಟು ಸಹನೆಯ ಗ್ರಾಹಕರಲ್ಲ. ಚಂದಾ ಸೇವೆಯ ಹಾಡುಗಳ ವಿಷಯಕ್ಕೆ ಬಂದರೆ ಯಾವ ತಂತ್ರಾಂಶ ಹಾಕಿದರೂ ಅವು ಆ ಸೇವೆಯವರ ಮರ್ಜಿಯಲ್ಲೇ ಇರುತ್ತವೆ. ಬರೀ ಚಂದಾ ಸೇವೆ ಕೇಳುವವರಿಗೆ ಈ ಉಸಾಬರಿ ಬೇಡವೇ ಬೇಡ, ತಯಾರಿ ಪೆಟ್ಟಿಗೆಯೇ ಸಾಕು. ಬೇರೆಲ್ಲೂ ಸಿಗದ ದನಿಯೊಂದು ನಿಮ್ಮ ಹತ್ತಿರ ಇದ್ದರೆ ಮಾತ್ರ ಇದು.

ಫೈಲುಗಳನ್ನು ಫ್ಲ್ಯಾಕ್‌ನಲ್ಲಿ ಇಟ್ಟಿದ್ದೇನೆ. 2024ರ ಡಿಸೆಂಬರಿನಲ್ಲಿ ಅದರ ವಿವರಣೆ ಅಧಿಕೃತ ಅಂತರ್ಜಾಲ ಮಾನಕವಾಗಿ, ಆರ್‌ಎಫ್‌ಸಿ 9639 ಆಗಿ ಪ್ರಕಟವಾಗಿದೆ. ಲಿರಿಯನ್ ಕೂಡ ಒಂದು ದಿನ ಹೋದರೆ, ಆ ಹಾಳೆ ಓದಿ ಯಾರಾದರೂ ಮತ್ತೊಂದು ಬರೆಯಬಹುದು. ಮೂರು ಪ್ರತಿ ಮಾಡಿ ಒಂದನ್ನು ಬೆಂಗಳೂರಿನಲ್ಲಿ, ಒಂದನ್ನು ಅತ್ತೆಯ ಮನೆಯಲ್ಲಿ ಇಟ್ಟಿದ್ದೇನೆ.

ಒಂದು ತಕರಾರು ಬಾಕಿ ಇದೆ. ಈ ತಂತ್ರಾಂಶಗಳ ಲೋಕವೆಲ್ಲ ಕಲಾವಿದ, ಆಲ್ಬಂ, ಹಾಡು ಅನ್ನುವ ಮೂರು ಪೆಟ್ಟಿಗೆಯಲ್ಲಿದೆ. ಅಜ್ಜಿಯ ಹಾಡಿಗೆ ಆಲ್ಬಂ ಯಾವುದು? ಸಂಗೀತಗಾರ ಅನ್ನುವ ಜಾಗದಲ್ಲಿ ಪುರಂದರದಾಸರನ್ನು ಹಾಕಿದೆ, ಪ್ರಕಾರ ಅನ್ನುವ ಜಾಗದಲ್ಲಿ ರಾಗ ಹಾಕಿದೆ. “ಆಲ್ಬಂ ಏನು ಬರೀಲಿ ಅಪ್ಪ?” ಅಂದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, “ಇದು ನೀನು ಹುಟ್ಟೋಕೆ ಮುಂಚಿನದ್ದು. ಹಿಂದೆ ಮಳೆ ಶಬ್ದ ಕೇಳ್ತಿದೆ ನೋಡು. ಆಷಾಢ ಅಂತ ಬರಿ” ಅಂದರು. ಹಾಗೇ ಬರೆದಿದ್ದೇನೆ. ಹನ್ನೊಂದರಲ್ಲಿ ನಾಲ್ಕು ಕ್ಯಾಸೆಟ್ಟಿಗೆ ಹೆಸರಾಗಿದೆ, ಇನ್ನು ಏಳು ಇವೆ.

ನಿಮ್ಮಲ್ಲಿ ಯಾರಾದರೂ ಕರ್ನಾಟಕ ಸಂಗೀತದ ಫೈಲುಗಳಿಗೆ ರಾಗ, ತಾಳ ಹಾಕಿ ವ್ಯವಸ್ಥಿತವಾಗಿ ಇಟ್ಟಿದ್ದರೆ ಹೇಗೆ ಮಾಡಿದ್ದೀರಿ ಅಂತ ದಯವಿಟ್ಟು ತಿಳಿಸಿ. ಹಾಗೇ ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದವರು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ತೆಗೆದು ನೋಡಿ. ಬೂಸ್ಟು ಯಾವ ತಂತ್ರಾಂಶಕ್ಕೂ ಕಾಯುವುದಿಲ್ಲ.